ಎರಡೂ ಹತ್ತರ ಚೀಟಿ

ಏಪ್ರಿಲ್ ಒಂದನೇ ತಾರೀಖು. ಎರಡು ಸಾವಿರದ ಏಳನೇ ಇಸವಿ. ಮೂರ್ಖರ ದಿನ ಅಂತ ನಗಬ್ಯಾಡ್ರಿ... ನಕ್ರ ನಾ ಮುಂದ ಹೇಳಂಗಿಲ್ಲ.

ನಮ್ಮ ದೊಡ್ಡವ್ವನ ಮಗ ಗಾದಿಲಿಂಗಪ್ಪ. ಊರು ಕಂಪ್ಲಿ. ಸಂಡೂರು ಗುಡ್ಡದಾಗ ಒಂದು ಮೈನ್ಸಿನಾಗ ಕಂಪ್ಯೂಟರ್ ಕೆಲಸ ಮಾಡ್ತಿದ್ದ. ಹೊಸಪೇಟ್ಯಾಗ ನಮ್ಮ ಮನಿ ಹತ್ರನ ಒಂದು ರೂಮ್ ಹಿಡಿದಿದ್ದ. ಹಿಂದಿನ ಸಂಜಿ ಮೈನ್ಸಿನ ಗೇಟಿನ ಪ್ರಿಂಟರ್ ಕೆಟ್ಟು, ರಿಪೇರಿ ಮಾಡಿ ಬರೋದ್ರಾಗ ನಡುರಾತ್ರಿ ದಾಟಿತ್ತು. ಕಂಪನಿ ಜೀಪು ಅವನ್ನ ಬೈಪಾಸಿನಾಗ ಇಳಿಸಿ ಹೋತು. ಅಲ್ಲಿಂದ ಕಾಲುವಿ ದಂಡಿ ಹಿಡಿದು ನಡೀಬೇಕು. ಒಂದು ಕಡೆ ನೀರು, ಒಂದು ಕಡೆ ಬಾಳಿ ತ್ವಾಟ. ನಡುವ ಒಂದು ಹಳೇ ಬಾವಿ. ಕಟ್ಟಿ ಅರ್ಧ ಕುಸಿದಿತ್ತು. ನೀರು ಸೇದೋ ಗಿರಕಿ ಮಾತ್ರ ಹಂಗ ಜೋತು ಬಿದ್ದಿತ್ತು.

ಗಾಳಿ ಇರ್ಲಿಲ್ಲ. ಬಾಳಿ ಎಲಿ ಒಂದೂ ಅಲ್ಲಾಡ್ತಿರ್ಲಿಲ್ಲ. ಆದ್ರೂ ಗಿರಕಿ ಕಿರ್ರ್... ಅಂತು. ನಿಂತಿತು. ಮತ್ತ ಕಿರ್ರ್...

ಬಾವಿ ಕಟ್ಟಿ ಮ್ಯಾಲ ಒಬ್ಬಾತ ಕುಂತಿದ್ದ.

"ಅಣ್ಣಾರ..." ಅಂದ. ಧ್ವನಿ ಭಾಳ ಸಣ್ಣದು. ಯಾರರ ಮಲಗ್ಯಾರ, ಎಬ್ಬಿಸಬಾರದು ಅನ್ನೋ ಹಂಗ.

ಗಾದಿಲಿಂಗ ಹೆದರಲಿಲ್ಲ. ಆವಾಗ ನಮ್ಮೂರ ತುಂಬ ಲಾರಿ, ಲಾರಿ ತುಂಬ ಪರಊರ ಡ್ರೈವರ್ರು. ಎಲ್ಲೆಂದ್ರಲ್ಲೆ ಕುಂದ್ರೋರು, ಮಲಗೋರು. ಈತನ ತಲಿಯಿಂದ ಕಾಲ ತನಕ ಕೆಂಪು ಧೂಳು. ಅದೂ ಹೊಸದಲ್ಲ. ಆ ವರ್ಷಗಳಾಗ ನಮ್ಮ ಕಡೆ ಬೇವಿನ ಮರ ಕೆಂಪು, ನಾಯಿ ಕೆಂಪು, ಒಣ ಹಾಕಿದ ಧೋತರ ಕೆಂಪು.

"ನಂಗ ಓದಾಕ ಬರಂಗಿಲ್ರಿ," ಅಂದ ಆತ. "ಈ ಚೀಟಿಯಾಗ ಟೈಮ್ ಎಷ್ಟೈತಿ, ಸ್ವಲ್ಪ ಹೇಳ್ರಿ."

ಗಾದಿಲಿಂಗ ಮೊಬೈಲಿನ ಟಾರ್ಚ್ ಹಚ್ಚಿದ. ಗೇಟ್ ಪಾಸು. ಅಂಚಿಗೆ ತೂತು ತೂತು ಇರೋ ಪ್ರಿಂಟರ್ ಹಾಳಿ.

"ಎರಡೂ ಹತ್ತು."

"ಈಗ ಎಷ್ಟಾತ್ರಿ?"

ಮೊಬೈಲ್ ನೋಡಿದ. "ಎರಡೂ ನಲವತ್ತು."

ಆತ ಮೊಬೈಲ್ ನೋಡಿದ, ಚೀಟಿ ನೋಡಿದ. ಗಿರಕಿ ಕಿರ್ರ್... ಅಂತು. ಆಮ್ಯಾಲ ಕೇಳಿದ...

"ಯಾವುದು ಖರೆರಿ?"

ಆಗ ಗಾದಿಲಿಂಗ ಚೀಟಿ ಮ್ಯಾಲಿನ ತಾರೀಖು ನೋಡಿದ. ಮಾರ್ಚ್ ಒಂದು. ಲಾರಿ ನಂಬರ್ ನೋಡಿದ. ಆ ನಂಬರ್ ಅವಗ ಬಾಯಿಪಾಠ ಇತ್ತು. ಆ ಲಾರಿ ಗುಡ್ಡದ ಕಮರಿಗೆ ಬಿದ್ದು ಒಂದು ತಿಂಗಳಾಗಿತ್ತು. ಲಾರಿ ಜೋಡಿ ಡ್ರೈವರೂ.

ಚೀಟಿ ಅಲ್ಲೇ ಬಿಟ್ಟು ಓಡಿದ. ಹಿಂದಿಂದ ಟಿಸ್ಸ್‌ಸ್... ಅಂತ ಸಪ್ಪಳ. ಲಾರಿ ಬ್ರೇಕ್ ಬಿಟ್ಟಾಗ ಗಾಳಿ ಹೋಗ್ತತಲ್ಲ, ಅದು. ಕಾಲುವಿ ದಂಡಿ ಮ್ಯಾಲ ಎರಡು ಸೈಕಲ್ ಎದುರಾದ್ರ ಒಬ್ಬರು ಇಳೀಬೇಕು, ಅಷ್ಟು ಸಣ್ಣ ದಾರಿ. ಲಾರಿ ಎಲ್ಲಿಂದ ಬರಬೇಕು...

ಇಷ್ಟು ಅವ ನಂಗ ಹೇಳಿದ್ದು, ಜ್ವರದಾಗ ಮಲಗಿಕೊಂಡು. ನಾ ಹಣಿ ಮ್ಯಾಲ ತಣ್ಣೀರ ಬಟ್ಟಿ ಹಾಕ್ತಿದ್ದೆ. ಅವನ ಮಾರಿ ನೋಡಾಕ ಆಗದ ಬಟ್ಟಿ ಮತ್ತ ಮತ್ತ ಹಿಂಡತಿದ್ದೆ.

ಯಾಕಂದ್ರ... ಆ ಸತ್ತ ಡ್ರೈವರ್ ಹುಡುಕ್ಕೊಂಡು ಬಂದಿದ್ದು ತಪ್ಪು ಮನುಷ್ಯಾನ್ನ. ಅದು ನಂಗ ಒಬ್ಬಾಕಿಗೇ ಗೊತ್ತಿತ್ತು.

ಹಿಂದಿಂದ ಹೇಳ್ತೀನಿ, ಕೇಳ್ರಿ.

ಆ ಗುಡ್ಡಕ್ಕ ಲಾರಿ ಹತ್ತೋದು, ಇಳಿಯೋದು ಒಂದೇ ದಾರಿ. ತಿರುವಿನಾಗ ಎರಡು ಲಾರಿ ಎದುರಾದ್ರ ಜಾಗ ಇಲ್ಲ. ಅದಕ್ಕ ಒಂದು ಕಟ್ಟಳಿ ಮಾಡಿದ್ರು. ಪ್ರತಿ ತಾಸಿನ ಮೊದಲ ಅರ್ಧ ಖಾಲಿ ಲಾರಿ ಮ್ಯಾಲ ಹೋಗಬೇಕು. ಉಳಿದ ಅರ್ಧ, ಅದಿರು ತುಂಬಿದ ಲಾರಿ ಕೆಳಗ ಬರಬೇಕು. ಮ್ಯಾಲೊಂದು ಗೇಟು, ಕೆಳಗೊಂದು ಗೇಟು. ಮ್ಯಾಲಿನದು ಗಾದಿಲಿಂಗನ ಕಂಪನೀದು. ಕೆಳಗಿನದು ಬ್ಯಾರೆ ಮೈನ್ಸಿನವ್ರದು. ಅದಿರು ಹಡಗು ಹತ್ತಿ ಚೀನಾಕ್ಕ ಹೋಗೋ ಕಾಲ. ರಾತ್ರಿ ಹಗಲು ಲಾರಿ. ಕೈಯಿಂದ ಚೀಟಿ ಬರದು ಪೂರೈಸದಂಗ ಆದಾಗ, ಮ್ಯಾಲಿನ ಗೇಟಿಗೆ ಗಾದಿಲಿಂಗ ಒಂದು ಪ್ರೋಗ್ರಾಂ ಬರದ. ಕಂಪ್ಯೂಟರ್ ಟೈಮ್ ನೋಡ್ತತಿ. ಬಿಡೋ ಹೊತ್ತಾಗಿದ್ರ ಪಾಸು ಹೊಡೀತತಿ, ಇಲ್ಲಂದ್ರ ಇಲ್ಲ.

ಆ ಪ್ರೋಗ್ರಾಂ ಬರದಿದ್ದು ಒಂದು ಪುಕ್ಕಟೆ ಭಾಷೆದಾಗ. ದೇಶ ದೇಶದ ಮಂದಿ ಕೂಡಿ ಮಾಡಿ, ಎಲ್ಲಾರಿಗೂ ಹಂಚಿದ್ದು. ಹೆಸರು ಹೇಳಂಗಿಲ್ಲ. ಆ ಭಾಷೆ ಜೋಡಿ ಸ್ಟ್ಯಾಂಡರ್ಡ್ ಲೈಬ್ರರಿ ಅಂತ ಬರ್ತತಿ. ಪುಸ್ತಕದ್ದಲ್ಲ. ಮನಿ ಕಟ್ಟೋವಾಗ ಬಾಗಿಲಾ ಕಿಟಕಿ ಸಿದ್ಧ ತಂದು ಕೂಡಿಸ್ತಾರಲ್ಲ, ಹಂಗ. ತಾರೀಖು ತೋರಿಸೋದು, ಟೈಮ್ ಲೆಕ್ಕ ಹಾಕೋದು, ಎಲ್ಲಾ ಸಿದ್ಧ ಇರ್ತತಿ. ಜಗತ್ತಿನಾಗ ಯಾರು ಆ ಭಾಷೆದಾಗ ಬರದ್ರೂ ಅದೇ ಬಾಗಿಲಾ, ಅದೇ ಕಿಟಕಿ. ಅದರಾಗ ಹುಳ ಬಿದ್ರ ಎಲ್ಲಾರ ಮನಿಯಾಗೂ ಹುಳ. ಅದಕ್ಕ ಅವರ ರೂಢಿ ಏನಂದ್ರ, ತಪ್ಪು ಕಂಡವರು ಬರದು ತಿಳಿಸಬೇಕು. ಸಂಬಳ ಇಲ್ಲ, ಸಾರಿಗಿ ಇಲ್ಲ. ಕಂಡವರು ತಿಳಿಸಬೇಕು, ಅಷ್ಟ.

ಜನವರಿ ಒಂದನೇ ತಾರೀಖು ಹುಟ್ಟಿದ ರಾತ್ರಿ ಗಾದಿಲಿಂಗಗ ಅಂಥಾ ಒಂದು ಹುಳ ಕಂಡಿತು. ಕಂಪ್ಯೂಟರ್ ಅರ್ಧ ತಾಸು ಹಿಂದ ಬಿದ್ದಿತ್ತು. ಹೊಸ ವರ್ಷ ಅಂತ ಲಾರಿ ಕಡಿಮಿ ಇದ್ವು, ಏನೂ ಆಗ್ಲಿಲ್ಲ. ಇವ ಬೆಳತನ ಕುಂತು, ಆ ಲೈಬ್ರರಿಯ ಒಳಗಿನ ಬರಹ ತೆರದು ಸಾಲು ಸಾಲು ಓದಿದ. ಪುಕ್ಕಟೆ ಭಾಷೆ ನೋಡ್ರಿ, ಯಾರು ಬೇಕಾದ್ರೂ ತೆರದು ಓದಬಹುದು. ಕಂಪ್ಯೂಟರ್ ಹೊಟ್ಯಾಗ ಲಂಡನ್ ಟೈಮ್ ಇರ್ತತಂತ. ನಮಗ ತೋರಿಸೋವಾಗ ಐದೂವರಿ ತಾಸು ಕೂಡಿಸಿ ತೋರಿಸ್ತತಿ. ನಮ್ಮಲ್ಲಿ ಒಂದನೇ ತಾರೀಖು ಹುಟ್ಟಿ, ಅಲ್ಲಿ ಇನ್ನೂ ಹಿಂದಿನ ತಿಂಗಳ ಇದ್ದಾಗ ಮಾತ್ರ, ಐದು ಕೂಡಿಸಿ ಆ ಅರ್ಧ ಮರೀತಿತ್ತು. ತಿಂಗಳಿಗೆ ಒಂದು ರಾತ್ರಿ. ನಡುರಾತ್ರಿಯಿಂದ ಬೆಳಗಿನ ಐದೂವರಿ ತನಕ. ಅಷ್ಟ.

ತನ್ನ ಪ್ರೋಗ್ರಾಮಿಗೆ ಅವ ಎರಡು ಸಾಲು ತ್ಯಾಪಿ ಹಾಕಿ ಸರಿ ಮಾಡ್ಕೊಂಡ. ಆಮ್ಯಾಲ ಒಂದು ಹಾಳಿಯಾಗ ಇಂಗ್ಲಿಷಿನಾಗ ಎಲ್ಲಾ ಬರದು, ನನ್ನ ಹತ್ರ ತಂದ. ನಾ ಬಿ.ಎ. ಕೊನೇ ವರ್ಷ. ಇಂಗ್ಲಿಷ್ ಮೇಜರ್.

"ಸುಧಾ, ಇದನ್ನ ಸ್ವಲ್ಪ ತಿದ್ದಿ, ಸೈಬರಿಗೆ ಹೋಗಿ ಕಳಿಸವ್ವ. ಹಿಂದೊಮ್ಮಿ ಒಂದು ತಪ್ಪು ಬರದು ಕಳಿಸಿದ್ದೆ. ನೀ ಏನ್ ಹೇಳ್ತಿ ತಿಳಿಯಂಗಿಲ್ಲ ಅಂತ ಅಲ್ಲೇ ಮುಚ್ಚಿಬಿಟ್ರು. ನನ್ನ ಇಂಗ್ಲಿಷ್ ನಂಗ ನಾಚಿಕಿ."

ಓದಿದೆ. 'ಸರ್, ಹಾಫ್ ಆನ್ ಅವರ್ ಈಸ್ ಗೋಯಿಂಗ್ ಸಮ್‌ವೇರ್' ಅಂತ ಇತ್ತು ಮೊದಲ ಸಾಲು. ನಾ ಅವನ ಮುಂದನ ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ. ಮಾರಿ ಮಾತ್ರ ಸಣ್ಣ ಆಗಿತ್ತು.

ಹಾಳಿ ನನ್ನ ವ್ಯಾಕರಣದ ಪುಸ್ತಕದಾಗ ಇಟ್ಟೆ. ನಾಳೆ ಅಂದೆ. ನಾಡದು ಅಂದೆ. ಟೆಸ್ಟ್ ಬಂತು, ಗೆಳತಿ ಮದುವಿ ಬಂತು. ವಾರ ಬಿಟ್ಟು ಅವ ಊಟಕ್ಕ ಬಂದಾಗ ಕೇಳಿದ.

"ಕಳಿಸಿದೇನವ್ವ?"

"ಕಳಿಸೀನಣ್ಣ," ಅಂದೆ.

ಕಳಿಸಿರ್ಲಿಲ್ಲ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಕೈಯಾಗ ರೊಟ್ಟಿ ಇತ್ತು, ಟಿ.ವಿ.ಯಾಗ ಏನೋ ಬರ್ತಿತ್ತು, ಬಾಯಿಗೆ ಬಂತು, ಹೇಳಿದೆ. ನಾಳೆ ಹೆಂಗೂ ಕಳಿಸ್ತೀನಲ್ಲ ಅಂದ್ಕೊಂಡೆ. ಒಮ್ಮೆ ಕಳಿಸೀನಿ ಅಂದ ಮ್ಯಾಲ ಕಳಿಸೋ ಅವಸರ ಹೋಗಿಬಿಡ್ತತಿ ನೋಡ್ರಿ... ಅದು ಹಂಗ. ನನ್ನ ಈಮೇಲಿಂದ ಕಳಿಸಬೇಕಿತ್ತು, ಉತ್ತರ ಬಂದ್ರ ನಂಗೇ ಬರಬೇಕು. ಅವ ಕೇಳಿದಾಗೆಲ್ಲ, "ಭಾಳ ಮಂದಿ ಬರೀತಾರಣ್ಣ, ನೋಡ್ತಾರ," ಅಂತಿದ್ದೆ.

ಫೆಬ್ರವರಿ ಕೊನೇ ವಾರದಾಗ ಕೆಳಗಿನ ಗೇಟಿಗೂ ಕಂಪ್ಯೂಟರ್ ಬಂತು. ಬಳ್ಳಾರಿಯವ್ರು ಯಾರೋ ಹೊಸದಾಗಿ ಪ್ರೋಗ್ರಾಂ ಬರದಿದ್ರು. ಅದೇ ಭಾಷೆ. ಅದು ತಿಳಿದ ಕೂಡ್ಲೆ ಗಾದಿಲಿಂಗ ತನ್ನ ಮ್ಯಾನೇಜರ್ ಕೊಟ್ರಯ್ಯನವರ ಹತ್ರ ಹೋದ.

"ಸರ್, ಕೆಳಗಿನವ್ರಿಗೆ ಒಂದು ಮಾತು ಹೇಳಿ ಬರ್ತೀನ್ರಿ. ಒಂದನೇ ತಾರೀಖು ಟೈಮ್ ತಪ್ಪತೈತಿ."

"ಅವ್ರ ಗೇಟ್ ಅವ್ರು ನೋಡ್ಕೋತಾರ. ನಿನ್ನ ಗೇಟ್ ನೆಟ್ಟಗ ಐತಿಲ್ಲ? ನಡೀ, ಕೆಲಸ ನೋಡು."

ಗಾದಿಲಿಂಗ ವಾಪಸ್ ಬಂದ. ಆಮ್ಯಾಲ ನನ್ನ ಮುಂದ ಅಂದ, "ಹೋಗ್ಲಿ ಬಿಡು. ಹೆಂಗೂ ನಾವು ಜನವರಿಯಾಗ ಬರದೀವಿ. ಇಷ್ಟೊತ್ತಿಗೆ ಆ ಭಾಷೆಯವ್ರು ಸರಿ ಮಾಡಿರ್ತಾರ. ಬಳ್ಳಾರಿಯವ್ರು ಹೊಸಾದೇ ಹಾಕಿರ್ತಾರ."

ಅವತ್ತರ ಹೇಳಬೇಕಿತ್ತು ನಾನು. ಬಾಯಿ ತೆರದೆ. ಅವ್ವ ಒಳಗಿಂದ ಕರದ್ಲು, ಎದ್ದು ಹೋದೆ.

ಮಾರ್ಚ್ ಒಂದು. ನಸುಕಿನಾಗ ಎರಡೂ ನಲವತ್ತಕ್ಕ, ಮ್ಯಾಲಿಂದ ಅದಿರಿನ ಲಾರಿ ಇಳಿಯೋ ಹೊತ್ತಿಗೆ, ಕೆಳಗಿನ ಗೇಟಿನ ಕಂಪ್ಯೂಟರ್ ಎರಡೂ ಹತ್ತು ಅಂತ ತಿಳಕೊಂಡು ಒಂದು ಖಾಲಿ ಲಾರಿಗೆ ಪಾಸು ಹೊಡೀತು. ಮೂರನೇ ತಿರುವಿನಾಗ ಎದುರಾದ್ವು. ಅದಿರಿನ ಲಾರಿ ಗುಡ್ಡಕ್ಕ ಒರಗಿ ನಿಂತಿತು. ಖಾಲಿ ಲಾರಿ ಕಮರಿಗೆ ಹೋತು. ಡ್ರೈವರ್ ಹೆಸರು ಹುಲುಗಪ್ಪ. ಊರು ಮೆಟ್ರಿ.

ಪಾಸು ಹರಿದು ಕೊಟ್ಟ ಗೇಟ್ ಕ್ಲಾರ್ಕ್ ಮಾರೆಪ್ಪನ್ನ ಪೊಲೀಸ್ರು ಎಳಕೊಂಡು ಹೋದ್ರು. "ಮಷೀನ್ ಹೇಳಿತ್ರಿ! ಮಷೀನೇ ಎರಡೂ ಹತ್ತು ಅಂತು!" ಅಂತ ಆತ ಜೀಪಿನಾಗೂ ಕೂಗ್ತಿದ್ನಂತ. ಹಗಲು ಕಂಪ್ಯೂಟರ್ ತೆಗದು ನೋಡಿದ್ರ ಟೈಮ್ ಸರಿ ಇತ್ತು. ಯಾರು ನಂಬ್ತಾರ? ಕುಡಿದಿದ್ದ ಅಂದ್ರು. ಇಪ್ಪತ್ತು ದಿನ ಒಳಗಿಟ್ರು. ಕೆಳಗಿನ ಗೇಟಿನಾಗ ಮತ್ತ ಕೈಯಿಂದ ಚೀಟಿ ಬರಿಯಾಕ ಹತ್ತಿದ್ರು.

ಗಾದಿಲಿಂಗಗ ಸುದ್ದಿ ಮುಟ್ಟಿದ ಕೂಡ್ಲೆ ತಾರೀಖು ನೋಡಿದ. ಸಂಜಿಮುಂದ ನಮ್ಮ ಮನಿ ಕಟ್ಟಿ ಮ್ಯಾಲ ಕುಂತು ಅಂದ...

"ಎರಡು ತಿಂಗಳಾತು ಸುಧಾ. ಬರದು ಕಳಿಸಿದ್ದನ್ನ ಅವ್ರು ಓದಲೇ ಇಲ್ಲಲ್ಲ. ನಮ್ಮ ಅರ್ಧ ತಾಸು ಅಂದ್ರ ಅವ್ರಿಗೆ ಏನೂ ಅಲ್ಲ ಏನು?"

"ಹೂಂ," ಅಂದೆ.

"ಪೊಲೀಸ್ರಿಗೆ ಹೋಗಿ ಹೇಳ್ತೀನಿ. ನಂಗ ಮೊದಲ ಗೊತ್ತಿತ್ತು ಅಂತೀನಿ."

"ಬ್ಯಾಡಣ್ಣ," ಅಂದೆ ನಾನು. "ನಿನ್ನೂ ಒಳಗ ಹಾಕ್ತಾರ. ಹೇಳಿದ್ರ ಹೋದ ಜೀವ ವಾಪಸ್ ಬರ್ತತೇನು?"

ಅವನ ಸಲುವಾಗಿ ಹೇಳಿದ್ದಲ್ಲ. ಕಳಿಸಿದ ಈಮೇಲ್ ತೋರಿಸ್ರಿ ಅಂತ ಪೊಲೀಸ್ರು ಕೇಳಿದ್ರ? ಅದು ನನ್ನ ಹೆದರಿಕಿ. ಅವ ಒಳ್ಳೇವ. ತಂಗಿ ಹೇಳ್ಯಾಳ ಅಂತ ಸುಮ್ನಾದ.

ಅದಾಗಿ ಒಂದು ತಿಂಗಳಿಗೆ ಬಾವಿ ಕಟ್ಟಿ ಮ್ಯಾಲ ಹುಲುಗಪ್ಪ ಕುಂತಿದ್ದು. 'ಯಾವುದು ಖರೆರಿ?' ಅಂತ ಕೇಳಿದ್ದು.

ಮೂರು ದಿನ ಜ್ವರ ಬಂದು ಬಿಟ್ಟಿತು. ಆದ್ರ ಗಾದಿಲಿಂಗ ಸೊರಗಿದ. ಕಾಲುವಿ ದಾರಿ ಬಿಟ್ಟು ಊರೆಲ್ಲ ಸುತ್ತಿ ಬರ್ತಿದ್ದ. ದೊಡ್ಡವ್ವ ಕಂಪ್ಲಿಯಿಂದ ಬಂದು ತಾಯತ ಕಟ್ಟಿ ಹೋದ್ಲು. ಏಪ್ರಿಲ್ ಮೂವತ್ತು ಬಂದಾಗ, "ಇವತ್ತ ಒಬ್ಬನ ಮಲಗಂಗಿಲ್ಲ," ಅಂತ ನಮ್ಮ ಮನಿಗೆ ಬಂದ. ಪಡಸಾಲ್ಯಾಗ ಮಂಚ ಹಾಕಿ ಕೊಟ್ವಿ. ಅಪ್ಪ ಅವ್ವ ಒಳಗ ಮಲಗಿದ್ರು. ನಂಗ ಪರೀಕ್ಷಾ ಹತ್ರ ಇತ್ತು. ಅಲ್ಲೇ ಗ್ವಾಡಿಗೆ ಒರಗಿ ಓದ್ಕೊಂತ ಕುಂತಿದ್ದೆ. ಓದತಿದ್ದೆ ಅನ್ನೋದೂ ಸುಳ್ಳ. ಕೈಯಾಗ ಪುಸ್ತಕ ಇತ್ತು.

ಯಾವಾಗ ಕಣ್ಣು ಎಳೀತೋ ಗೊತ್ತಿಲ್ಲ. ಸಪ್ಪಳಕ್ಕ ಎಚ್ಚರಾತು.

ಟರ್ರ್‌ಟ್... ಟರ್ರ್‌ಟ್... ಟರ್ರ್‌ಟ್...

ಹಳೇ ಪ್ರಿಂಟರ್ ಹೊಡೀತತಲ್ಲ, ಆ ಸಪ್ಪಳ. ನಮ್ಮ ಮನಿಯಾಗ ಕಂಪ್ಯೂಟರ್ ಇಲ್ಲ, ಪ್ರಿಂಟರ್ ಇಲ್ಲ. ಆಜೂಬಾಜೂ ಯಾರ ಮನಿಯಾಗೂ ಇಲ್ಲ. ನಿಂತಿತು. ಆಮ್ಯಾಲ ಪರ್ರ್... ಅಂತ ಹಾಳಿ ಹರದ ಸಪ್ಪಳ.

ಆಮ್ಯಾಲ ಬಾಗಿಲಾ. ಬಡದಿದ್ದಲ್ಲ. ಉಗುರಿಲೆ ಕೆರದಂಗ... ಕರ... ಕರ...

ಗಾದಿಲಿಂಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ. ಎಬ್ಬಿಸಬೇಕು ಅಂತ ಎದ್ದೆ. ಬಾಗಿಲಾ ಕೆಳಗಿನ ಸಂದಿಯಿಂದ ಒಂದು ಚೀಟಿ ಒಳಗ ಸರೀತು.

"ಅಕ್ಕಾರ..." ಅಂತ ಹೊರಗಿಂದ ಧ್ವನಿ. ಅದೇ ಸಣ್ಣ ಧ್ವನಿ. "ಓದಿ ಹೇಳ್ರಿ."

ತೆಗೀಲಿಲ್ಲ ಬಾಗಿಲಾ. ಚೀಟಿ ಕೈಯಾಗ ಹಿಡಿದೆ. ಹಿಡೀಬಾರದಿತ್ತು, ಆದ್ರ ಹಿಡಿದೆ. ಒದ್ದಿ ಇರ್ಲಿಲ್ಲ, ತಣ್ಣಗ ಇತ್ತು.

"ಎರಡೂ ಹತ್ತು," ಅಂದೆ.

"ಈಗ ಎಷ್ಟಾತ್ರಿ?"

ಗ್ವಾಡಿ ಮ್ಯಾಲ ಗಡಿಯಾರ ಇತ್ತು. "ಎರಡೂ ನಲವತ್ತು."

"ಯಾವುದು ಖರೆರಿ?"

"ನಲವತ್ತು," ಅಂದೆ. "ನಲವತ್ತು ಖರೆ. ಹತ್ತು ಸುಳ್ಳು."

ಹೋದ ಅಂದ್ಕೊಂಡೆ. ಆಗ ಮತ್ತ...

"ಸುಳ್ಳು ಯಾರು ಹೇಳಿದ್ರಿ?"

ಸಿಟ್ಟಿಲ್ಲ ಆ ಧ್ವನಿಯಾಗ. ಅದನ್ನ ಹೇಳಾಕ ನಂಗ ಬರವಲ್ದು. ದಾರಿ ತಪ್ಪಿದವರು ಊರು ಯಾವ ಕಡೆ ಅಂತ ಕೇಳ್ತಾರಲ್ಲ, ಹಂಗ ಕೇಳಿದ. ಸಿಟ್ಟಿದ್ರ ತಡಕೊಂತಿದ್ದೆ ಏನೋ.

"ನಾನು," ಅಂದೆ. "ನಾನ ಹೇಳಿದ್ದು. ನಮ್ಮಣ್ಣ ಎಲ್ಲಾ ಬರದು ಕೊಟ್ಟಿದ್ದ. ಕಳಿಸೀನಿ ಅಂದೆ. ಕಳಿಸಿರ್ಲಿಲ್ಲ. ಹಾಳಿ ಇಲ್ಲೇ ಐತಿ. ಪುಸ್ತಕದಾಗ ಐತಿ."

"ಹೌದ್ರೀ..." ಅಂದ.

ಅಷ್ಟ. ನನ್ನ ಕೈಬಟ್ಟಿನ ನಡುವಿನ ಚೀಟಿ ಸರ್ರ್... ಅಂತ ಜಾರಿ, ಬಾಗಿಲಾ ಕೆಳಗಿಂದ ಹೊರಗ ಹೋತು. ಯಾರೋ ಮೆಲ್ಲಕ ಎಳಕೊಂಡಂಗ. ಆಮ್ಯಾಲ ಓಣಿಯಾಗ ಟಿಸ್ಸ್‌ಸ್... ನಾಯಿ ಒಂದೂ ಬೊಗಳಲಿಲ್ಲ.

ತಿರುಗಿ ನೋಡಿದೆ. ಗಾದಿಲಿಂಗ ಮಂಚದ ಮ್ಯಾಲ ಎದ್ದು ಕುಂತಿದ್ದ. ಕಣ್ಣು ತೆರದಿದ್ವು. ಯಾವಾಗಿಂದ ಕುಂತಿದ್ನೋ. ಎಲ್ಲಾ ಕೇಳಿಸ್ಕೊಂಡಿದ್ದ.

ನಾ ಅಳಾಕ ಹತ್ತಿದೆ. ಅವ ಬೈಯಲಿಲ್ಲ. ಬೈತಾನ, ಎರಡು ಹೊಡೀತಾನ ಅಂತ ಕಾದೆ. ಅವ ಮಂಚದಿಂದ ಇಳದು, ಅಂಗಿ ಹಾಕ್ಕೊಂಡು, ಇಷ್ಟು ಕೇಳಿದ.

"ಎಲ್ಲೈತಿ ಹಾಳಿ?"

ಪುಸ್ತಕ ತೆಗದು ಹಾಳಿ ಅವನ ಕೈಯಾಗ ಕೊಟ್ಟೆ. ಬಸ್ ಸ್ಟ್ಯಾಂಡ್ ಹತ್ರದ ಸೈಬರ್ ಒಂಬತ್ತಕ್ಕ ತೆಗೀತಿದ್ರು. ನಾವು ಏಳಕ್ಕ ಹೋಗಿ ಅದರ ಮೆಟ್ಟಲ ಮ್ಯಾಲ ಕುಂತ್ವಿ. ತೆಗದ ಮ್ಯಾಲ ನಾ ಟೈಪ್ ಮಾಡಾಕ ಕುಂತು, ಮೊದಲ ಸಾಲು ತಿದ್ದಾಕ ಹೋದೆ.

"ತಿದ್ದಬ್ಯಾಡ," ಅಂದ. "ನಾ ಹೆಂಗ ಬರದೀನೋ ಹಂಗ ಹೊಡಿ."

ಹೊಡದೆ. 'ಸರ್, ಹಾಫ್ ಆನ್ ಅವರ್ ಈಸ್ ಗೋಯಿಂಗ್ ಸಮ್‌ವೇರ್.' ಒಂದಕ್ಷರ ಬಿಡದಂಗ ಹೊಡದೆ. ಯಾವ ಕಡತ, ಯಾವ ಸಾಲು, ಯಾವ ತಾರೀಖು ಕೊಟ್ರ ತಪ್ಪತೈತಿ, ಎಲ್ಲಾ ಬರದಿದ್ದ ಅವ. ಕೆಳಗ ಹೆಸರು ಗಾದಿಲಿಂಗಪ್ಪ, ಊರು ಹೊಸಪೇಟೆ. ಇಷ್ಟ ಹಾಕಿದೆ. ಕಳಿಸೋ ಗುಂಡಿ ಅವನೇ ಒತ್ತಿದ. ನಂಗ ಒತ್ತಾಕ ಕೊಡಲಿಲ್ಲ.

ಸಂಜಿಗೆ ಉತ್ತರ ಬಂತು. ಅದ ದಿನ ಸಂಜಿಗೆ. ಯಾವ ದೇಶದವನೋ ಬರದಿದ್ದ. ಭಾಳ ಸ್ಪಷ್ಟವಾಗಿ ಬರದೀರಿ, ಉಪಕಾರ ಆತು, ಇದು ನಮ್ಮ ತಪ್ಪು ಅಂತ. ಎರಡು ದಿನದಾಗ ಸರಿ ಮಾಡಿದ್ರು. ಒಂದು ವಾರದಾಗ ಹೊಸ ಆವೃತ್ತಿ ಬಿಟ್ರು.

ಒಂದು ವಾರ ನೋಡ್ರಿ.

ಜನವರಿಯಾಗ ಕಳಿಸಿದ್ರ ಜನವರಿಯಾಗೇ ಒಂದು ವಾರ ಹಿಡೀತಿತ್ತು. ಕೆಳಗಿನ ಗೇಟಿಗೆ ಕಂಪ್ಯೂಟರ್ ಬಂದಿದ್ದು ಫೆಬ್ರವರಿ ಕೊನಿಗೆ. ಈ ಲೆಕ್ಕ ನಾ ಎಷ್ಟು ಸಲ ಹಾಕೀನೋ... ಯಾವಾಗ ಹಾಕಿದ್ರೂ ಅದೇ ಉತ್ತರ ಬರ್ತತಿ.

ಗಾದಿಲಿಂಗ ಆ ಉತ್ತರಾನ ಪ್ರಿಂಟ್ ತೆಗಿಸಿಕೊಂಡು ಮಾರೆಪ್ಪನ ವಕೀಲರ ಹತ್ರ ಹೋದ. ಪೊಲೀಸ್ರ ಮುಂದ ಹೇಳಿಕಿ ಕೊಟ್ಟ. ಜನವರಿಯಾಗೇ ಗೊತ್ತಿತ್ತು, ಕೆಳಗಿನವ್ರಿಗೆ ಹೇಳಲಿಲ್ಲ, ಅದು ನಂದು ತಪ್ಪು ಅಂತ ಬರಸಿದ. ನನ್ನ ಹೆಸರು ಎತ್ತಲಿಲ್ಲ. ನಾನ ಮರುದಿನ ಅಪ್ಪನ್ನ ಕರಕೊಂಡು ಹೋಗಿ ಬರಸಿದೆ. ಕೊಟ್ರಯ್ಯನವರು ಗಾದಿಲಿಂಗನ್ನ ಕೆಲಸದಿಂದ ತೆಗದ್ರು. ಮಾರೆಪ್ಪನ ಕೇಸು ಮುಗಿಯಾಕ ಮುಂದಿನ ವರ್ಷ ಆತು. ಆದ್ರ ಮುಗೀತು, ಆತನ ಮ್ಯಾಲ ತಪ್ಪಿಲ್ಲ ಅಂತಾತು.

ಅವತ್ತು ಕೋರ್ಟಿನ ಹೊರಗ ಚಾದಂಗಡಿಯಾಗ ಮಾರೆಪ್ಪ ನಮ್ಮ ಮುಂದ ಕುಂತ. ಕೈ ಮುಗೀತಾನ ಅಂದ್ಕೊಂಡಿದ್ದೆ. ಆತ ಚಾ ಆರೋ ತನಕ ನೋಡ್ಕೊಂತ ಕುಂತು, ಮೆತ್ತಗ ಅಂದ, "ನಿಮ್ಮಿಬ್ಬರದಷ್ಟ ಅಲ್ಲ ಬಿಡ್ರಿ. ಅವತ್ತು ನನ್ನ ಕೈಯಾಗ ವಾಚ್ ಇತ್ತು. ನಲವತ್ತು ಅಂತ ತೋರಿಸ್ತಿತ್ತು. ನೋಡಿದ್ದೆ ನಾನು. ಹೊಸ ಮಷೀನ್, ಅದು ಹೆಂಗ ತಪ್ಪತೈತಿ ಅಂತ ಚೀಟಿ ಹರದು ಕೊಟ್ಟೆ. ಇದನ್ನ ಯಾವ ಕೋರ್ಟಿನಾಗೂ ಹೇಳಿಲ್ರಿ."

ಮೂವರೂ ಚಾ ಬಿಟ್ಟು ಎದ್ವಿ.

ಮೆಟ್ರಿಗೆ ಅದಕ್ಕೂ ಮೊದಲ ಹೋಗಿದ್ವಿ. ಸೈಬರಿಗೆ ಹೋದ ಮುಂದಿನ ವಾರ. ಹುಲುಗಪ್ಪನ ಹೆಂಡ್ತಿ ಯಮನಮ್ಮ ಗದ್ದಿ ಕೆಲಸ ಮುಗಿಸಿ ಆಗಷ್ಟ ಬಂದಿದ್ಲು. ಕಾಲಿಗೆ ಇನ್ನೂ ರಾಡಿ ಇತ್ತು. ಯಾರು, ಎತ್ತ ಕೇಳದ, ಬಿಸಲಾಗ ಬಂದೀರಿ ಅಂತ ಚಾಪಿ ಹಾಸಿ, ಚಂಬಿನಾಗ ನೀರು ತಂದಿಟ್ಲು. ಗ್ವಾಡಿ ಮ್ಯಾಲ ಗಂಡನ ಫೋಟೋ. ಗಾದಿಲಿಂಗ ಅದನ್ನ ನೋಡಿ, ನೆಲ ನೋಡಿದ. ಬಾವಿ ಕಟ್ಟಿ ಮ್ಯಾಲಿದ್ದಾತ ಅವನೇ ಅಂತ, ಬಸ್ಸಿನಾಗ ವಾಪಸ್ ಬರೋವಾಗ ಹೇಳಿದ.

ಹೇಳಬೇಕಾದ್ದು ನಾನ ಹೇಳಿದೆ. ಹಾಳಿ, ಪುಸ್ತಕ, ಸುಳ್ಳು. ಎಲ್ಲಾ. ಕಂಪ್ಯೂಟರ್ ಮಾತು ಆಕಿಗೆ ಎಷ್ಟು ತಿಳೀತೋ ಏನೋ. ಸುಳ್ಳು ತಿಳೀತು.

"ಆತಗ ಓದಾಕ ಬರ್ತಿದ್ದಿಲ್ಲ," ಅಂದ್ಲು ಆಕಿ. "ಕಂಡೋರಿಗೆಲ್ಲ ಚೀಟಿ ತೋರಿಸಿ ಕೇಳ್ತಿದ್ದ. ಹೇಳಿದ್ದನ್ನ ನಂಬ್ತಿದ್ದ."

ಆಮ್ಯಾಲ ಎದ್ದು, ನನ್ನ ಮುಂದಿನ ಚಂಬು ತಗೊಂಡು ಒಳಗ ಹೋದ್ಲು. ನಾ ಇನ್ನೂ ನೀರು ಕುಡಿದಿರ್ಲಿಲ್ಲ. ಭಾಳ ಹೊತ್ತು ಕಾದ್ವಿ. ಆಕಿ ಹೊರಗ ಬರಲಿಲ್ಲ. ಬೈದಿದ್ರ, ಶಾಪ ಹಾಕಿದ್ರ, ಮನಿಗೆ ಬಂದು ಅತ್ತು ಹಗುರಾಗ್ತಿದ್ದೆ.

ಆಮ್ಯಾಲ ಯಾವ ಒಂದನೇ ತಾರೀಖಿಗೂ ಯಾರೂ ಬರಲಿಲ್ಲ. ನಾ ಮಾತ್ರ ಎದ್ದು ಕುಂದ್ರತೀನಿ. ಇವತ್ತಿಗೂ.

ಗಾದಿಲಿಂಗ ಈಗ ಕಂಪ್ಲ್ಯಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾನ. ಚಲೋ ನಡೀತತಿ. ಹಬ್ಬಕ್ಕ ಕರೀತಾನ, ಹೋದ್ರ ಮಾತಾಡಸ್ತಾನ, ನನ್ನ ಮಕ್ಕಳನ್ನ ಎತ್ತಿ ಆಡಸ್ತಾನ. ಈಗಲೂ ತಪ್ಪು ಕಂಡ್ರ ಆ ಮಂದಿಗೆ ಬರೀತಾನಂತ. ನಂಗ ಯಾವತ್ತೂ ಒಂದು ಹಾಳಿ ಓದಾಕ ಕೊಟ್ಟಿಲ್ಲ.

ಇನ್ನೊಂದು ಐತಿ. ಅದನ್ನೂ ಹೇಳಿಬಿಡ್ತೀನಿ.

ಹೊಸ ಆವೃತ್ತಿ ಬಿಟ್ಟಾಗ, ಅದರ ಜೋಡಿ ಒಂದು ಹಾಳಿ ಇರ್ತತಂತ. ತಪ್ಪು ಹುಡುಕಿ ತಿಳಿಸಿದವ್ರ ಹೆಸರು ಅದರಾಗ ಹಾಕ್ತಾರ. ಗಾದಿಲಿಂಗ ಅದನ್ನ ತೆಗದು ನೋಡಿ, ನನ್ನ ಸೈಬರಿಗೆ ಕರಸಿದ. ಇಂಗ್ಲಿಷ್ ಅಕ್ಷರದ ಸಾಲಿನಾಗ ಇದ್ವು ಹೆಸರು. ಅವನ ಹೆಸರು ಇತ್ತು. ಅದರ ಕೆಳಗ ಇನ್ನೊಂದು ಹೆಸರಿನ ಮ್ಯಾಲ ಬಟ್ಟಿಟ್ಟು ತೋರಿಸಿದ.

"ಇದನ್ನ ನೀ ಬರದೀಯೇನು?"

"ಇಲ್ಲಣ್ಣ."

"ಖರೇ ಹೇಳು ಸುಧಾ."

"ನಮ್ಮವ್ವನ ಆಣಿ. ನಾ ಬರದಿಲ್ಲ."

ಅವ ನನ್ನ ಮಾರಿ ನೋಡಿದ. ನಂಬಿದನೋ ಇಲ್ಲೋ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಸುಳ್ಳು ಹೇಳಿದಾಕಿ ನಾನು. ನೀವೂ ನಂಬಂಗಿಲ್ಲ, ನಂಗ ಗೊತ್ತೈತಿ. ಆದ್ರ ಆ ಈಮೇಲ್ ಹೊಡದಿದ್ದು ನಾನು, ಅದರಾಗ ಹಾಕಿದ್ದು ಒಂದ ಹೆಸರು. ಇದು ಖರೆ.

ಆ ಹಾಳಿಯಾಗ ಎಲ್ಲಾರ ಹೆಸರಿನ ಮುಂದ ಈಮೇಲ್ ಇತ್ತು. ಹುಲುಗಪ್ಪ ಅನ್ನೋ ಹೆಸರಿನ ಮುಂದ ಏನೂ ಇರ್ಲಿಲ್ಲ.